ಎರಡು ಮೈಲಿಗೋ, ಮೂರು ಮೈಲಿಗೋ? ಹೊಸ ಚೇಸ್ ಕುದುರೆಗೆ ವಸಂತದ ಓಟವನ್ನು ಆರಿಸುವ ಬಗೆ

ಫೆಬ್ರವರಿ ಮುಗಿಯುತ್ತ ಬಂದಂತೆ ಬ್ರಿಟನ್ ಹಾಗೂ ಐರ್ಲೆಂಡಿನ ಲಾಯಗಳಲ್ಲಿ ಒಂದು ಚರ್ಚೆ ಪ್ರತಿವರ್ಷವೂ ತಪ್ಪದೆ ನಡೆಯುತ್ತದೆ. ಚಳಿಗಾಲದಲ್ಲಿ ಎರಡೋ ಮೂರೋ ಚೇಸ್‌ಗಳನ್ನು, ಎಂದರೆ ದೊಡ್ಡ ಬೇಲಿಗಳನ್ನು ಹಾರುತ್ತ ಓಡುವ ಓಟಗಳನ್ನು, ಗೆದ್ದು ಭರವಸೆ ಹುಟ್ಟಿಸಿದ ಹೊಸ ಕುದುರೆಯ ಹೆಸರನ್ನು ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಮೈದಾನದಲ್ಲಿ ನಡೆಯುವ ರೇಸ್ ಉತ್ಸವದ ಒಂದಕ್ಕಿಂತ ಹೆಚ್ಚು ಓಟಗಳಿಗೆ ಕೊಟ್ಟಿರುತ್ತಾರೆ. ಅದನ್ನು ಎರಡು ಮೈಲಿಯ ವೇಗದ ಓಟದಲ್ಲಿ ಇಳಿಸಬೇಕೋ, ಮೂರು ಮೈಲಿಯ ದಮ್ಮಿನ ಓಟದಲ್ಲಿ ಇಳಿಸಬೇಕೋ, ಇಲ್ಲ ಚೆಲ್ಟನ್‌ಹ್ಯಾಮನ್ನೇ ಬಿಟ್ಟು ಏಪ್ರಿಲ್‌ವರೆಗೆ ಕಾಯಬೇಕೋ ಎಂಬುದು ಮಾತ್ರ ಕೊನೆಯ ದಿನಗಳವರೆಗೂ ತೀರ್ಮಾನವಾಗಿರುವುದಿಲ್ಲ. ಚರ್ಚೆ ಸಾಮಾನ್ಯವಾಗಿ ಕುದುರೆಯ ಶಕ್ತಿ ಎಲ್ಲಿದೆ ಎಂಬುದರ ಸುತ್ತಲೇ ತಿರುಗುತ್ತದೆ. ಆದರೆ ಈ ಮಟ್ಟಕ್ಕೆ ಬಂದ ಕುದುರೆಗಳಿಗೆಲ್ಲ ಶಕ್ತಿ ಇದ್ದೇ ಇರುತ್ತದೆ. ಆದ್ದರಿಂದ ಅದರ ದೋಷ ಏನು, ಆ ದೋಷ ಯಾವ ಓಟದಲ್ಲಿ ಅತಿ ಕಡಿಮೆ ನಷ್ಟ ತರುತ್ತದೆ ಎಂದು ಮೊದಲು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ಮುಂದಿನ ಹೋಲಿಕೆಯೆಲ್ಲ ಆ ಪ್ರಶ್ನೆಯನ್ನೇ ಹಿಡಿದು ಸಾಗುತ್ತದೆ.

ಬೆಂಗಳೂರು ಅಥವಾ ಮೈಸೂರಿನ ರೇಸ್ ನೋಡಿ ಬೆಳೆದವರಿಗೆ ಒಂದೆರಡು ವಿಷಯಗಳನ್ನು ಹೇಳಿಬಿಡುವುದು ಒಳ್ಳೆಯದು. ನಮ್ಮಲ್ಲಿ ನಡೆಯುವುದು ಬೇಲಿಗಳಿಲ್ಲದ ಸಮತಟ್ಟು ಓಟ. ದೂರವನ್ನು ಮೀಟರುಗಳಲ್ಲಿ ಹೇಳುತ್ತೇವೆ. ಕುದುರೆಯ ಕೀರ್ತಿಯೆಲ್ಲ ಮೂರು ನಾಲ್ಕನೆಯ ವಯಸ್ಸಿನಲ್ಲೇ ನಿರ್ಧಾರವಾಗಿಬಿಡುತ್ತದೆ. ಸ್ಟೀಪಲ್‌ಚೇಸ್ ಕುದುರೆ ಆ ವಯಸ್ಸಿನಲ್ಲಿ ಇನ್ನೂ ಪಾಠಶಾಲೆಯ ಹುಡುಗ. ಸಾಮಾನ್ಯವಾಗಿ ಐದರಿಂದ ಏಳನೆಯ ವಯಸ್ಸಿನಲ್ಲಿ ಅದು ದೊಡ್ಡ ಬೇಲಿಗಳ ಓಟಕ್ಕೆ ಕಾಲಿಡುತ್ತದೆ. ಅದಕ್ಕೂ ಮೊದಲು ಒಂದೆರಡು ವರ್ಷ ಹರ್ಡಲ್ ಎಂಬ ಗಿಡ್ಡನೆಯ, ಕಾಲು ತಗುಲಿದರೆ ಬಾಗುವ ತಡೆಗಳ ಮೇಲೆ ಓಡಿರುತ್ತದೆ. ಚೇಸ್‌ನ ಬೇಲಿ ಕನಿಷ್ಠ 4 ಅಡಿ 6 ಅಂಗುಲ ಎತ್ತರದ್ದು, ಒತ್ತಾಗಿ ಕಟ್ಟಿದ ಕಡ್ಡಿಗಳದ್ದು, ಹೊಡೆತಕ್ಕೆ ಬಾಗದಂಥದ್ದು. ಋತು ಆರಂಭವಾಗುವ ಮುನ್ನ ಒಂದೂ ಚೇಸ್ ಗೆಲ್ಲದ ಕುದುರೆಯನ್ನು ಆ ಋತುವಿನಲ್ಲಿ ನಾವಿಸ್ ಎನ್ನುತ್ತಾರೆ. ಎಂದರೆ ಗೆಲ್ಲಲು ಆರಂಭಿಸಿದ ಕುದುರೆಗೆ ನಾವಿಸ್ ಆಗಿ ಸಿಗುವುದು ಒಂದೇ ವಸಂತ. ಮುಂದಿನ ವರ್ಷ ಅದು ಪಳಗಿದ ಕುದುರೆಗಳ ನಡುವೆ ಓಡಲೇಬೇಕಾಗುವುದರಿಂದ ಈ ಆಯ್ಕೆಗೆ ಇಷ್ಟೊಂದು ಮಹತ್ವ ಬಂದಿದೆ. (ಅಪವಾದಗಳೂ ಇವೆ: 2016ರಲ್ಲಿ ರೂಲ್ ದಿ ವರ್ಲ್ಡ್ ಎಂಬ ಕುದುರೆ ತನ್ನ ಬದುಕಿನ ಮೊದಲ ಚೇಸ್ ಗೆದ್ದದ್ದು ಏಂಟ್ರೀಯಲ್ಲಿ ನಡೆಯುವ ಜಗತ್ಪ್ರಸಿದ್ಧ ಗ್ರ್ಯಾಂಡ್ ನ್ಯಾಷನಲ್ ಓಟದಲ್ಲೇ.)

ಮೊದಲು ಕುದುರೆಯನ್ನು ಓದಿಕೊಳ್ಳಬೇಕು

ಗೆಲುವಿನ ಅಂತರ ಕಣ್ಣಿಗೆ ಹೊಡೆದು ಕಾಣುತ್ತದೆ, ಆದರೆ ಅದೇ ಹೆಚ್ಚು ಮೋಸ ಮಾಡುವ ಅಂಕಿ. ಚಳಿಗಾಲದ ನಾವಿಸ್ ಚೇಸ್‌ಗಳಲ್ಲಿ ನಾಲ್ಕೈದು ಕುದುರೆಗಳಷ್ಟೇ ಓಡುವುದು ಸಾಮಾನ್ಯ. ಅಷ್ಟು ಕಡಿಮೆ ಕುದುರೆಗಳಿರುವಾಗ ಮುಂದೆ ಓಡುವ ಕುದುರೆಗೆ ಪ್ರತಿ ಬೇಲಿಯೂ ಸ್ಪಷ್ಟವಾಗಿ ಕಾಣುತ್ತದೆ, ತನಗೆ ಬೇಕಾದ ಲಯದಲ್ಲಿ ಹಾರುತ್ತದೆ, ಎದುರಾಳಿ ಎಡವಿದರೆ ಇಪ್ಪತ್ತು ಲೆಂಗ್ತ್‌ಗಳಿಂದ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಗೆದ್ದುಬಿಡುತ್ತದೆ. ಉತ್ಸವದಲ್ಲಿ ಅದೇ ಕುದುರೆ ಮೊದಲ ಬಾರಿಗೆ ಗುಂಪಿನ ನಡುವೆ ಸಿಕ್ಕಿ, ಮುಂದಿನ ಕುದುರೆಯ ಬೆನ್ನು ಬಿಟ್ಟರೆ ಬೇರೇನೂ ಕಾಣದೆ, ತನ್ನದಲ್ಲದ ವೇಗದಲ್ಲಿ ಹಾರಬೇಕಾಗುತ್ತದೆ. ಹಾಗಾಗಿ ಎಷ್ಟು ಅಂತರದಿಂದ ಗೆದ್ದಿತು ಎಂಬುದಕ್ಕಿಂತ, ಯಾವುದಾದರೂ ಒಂದು ಓಟದಲ್ಲಾದರೂ ಅದರ ಪಕ್ಕದಲ್ಲೇ ಇನ್ನೊಂದು ಕುದುರೆ ಹೆಗಲೆಣೆಯಾಗಿ ಓಡಿ ಒತ್ತಡ ಹಾಕಿತ್ತೇ, ಆಗ ಅದು ಹೇಗೆ ಹಾರಿತು ಎಂದು ನೋಡಬೇಕು.

ಹಾರುವ ರೀತಿಯಲ್ಲಿ ಮೂರು ದೋಷಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳುವುದು ಲೇಸು. ಕೆಲವು ಕುದುರೆಗಳು ಬೇಲಿಗೆ ತೀರ ಹತ್ತಿರ ಬಂದು, ಕ್ಷಣ ಅನುಮಾನಿಸಿ, ನಿಂತಲ್ಲಿಂದ ಎಗರಿದಂತೆ ಹಾರುತ್ತವೆ. ಇವು ಬೀಳುವುದು ಅಪರೂಪ, ಆದರೆ ಪ್ರತಿ ಬೇಲಿಯಲ್ಲೂ ಅರ್ಧ ಲೆಂಗ್ತ್ ಕಳೆದುಕೊಳ್ಳುತ್ತವೆ. ಇನ್ನು ಕೆಲವು ಉತ್ಸಾಹ ಮೀರಿ ಬಹು ದೂರದಿಂದಲೇ ಚಿಮ್ಮುತ್ತವೆ. ಕಾಲು ತಾಜಾ ಇರುವಾಗ ಅದು ನೋಡಲು ಬಹಳ ಚೆನ್ನಾಗಿರುತ್ತದೆ, ದಣಿದ ಮೇಲೆ ಅದೇ ಅಭ್ಯಾಸ ಬೀಳಿಸುತ್ತದೆ. ಮೂರನೆಯದು ಹಾರುವಾಗ ಒಂದು ಪಕ್ಕಕ್ಕೆ ಜರುಗುವುದು. ಬಲಕ್ಕೆ ಜರುಗುವ ಕುದುರೆ ಕೆಂಪ್ಟನ್, ಸ್ಯಾಂಡೌನ್, ಆಸ್ಕಟ್‌ನಂಥ ಬಲಗೈ ತಿರುವಿನ ಮೈದಾನಗಳಲ್ಲಿ ಒಳಬೇಲಿಯ ಕಡೆಗೇ ಜರುಗುವುದರಿಂದ ಅದರ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಎಡಗೈ ತಿರುವಿನ ಚೆಲ್ಟನ್‌ಹ್ಯಾಮ್‌ನಲ್ಲಿ ಪ್ರತಿ ಹಾರುವಿಕೆಯಲ್ಲೂ ಹೊರಕ್ಕೆ ಹೋಗಿ, ಒಟ್ಟಾರೆ ಎಷ್ಟೋ ಗಜ ಹೆಚ್ಚು ಓಡಬೇಕಾಗುತ್ತದೆ. ಇದೂ ಕಟ್ಟುನಿಟ್ಟಿನ ನಿಯಮವಲ್ಲ. ಬಲಕ್ಕೆ ಜರುಗುವುದಕ್ಕೇ ಹೆಸರಾಗಿದ್ದ ಗೇಲಿಕ್ ವಾರಿಯರ್, ಬಲಗೈ ತಿರುವಿನ ಲಿಮರಿಕ್‌ನಲ್ಲಿ ಮಿಂಚಿದ ಮೇಲೆ, 2024ರ ಮಾರ್ಚ್‌ನಲ್ಲಿ ಎಡಗೈ ತಿರುವಿನ ಚೆಲ್ಟನ್‌ಹ್ಯಾಮ್‌ನ ಎರಡು ಮೈಲಿಯ ನಾವಿಸ್ ಚೇಸ್ ಆದ ಆರ್ಕಲ್ ಓಟವನ್ನು ನಿರಾಯಾಸವಾಗಿ ಗೆದ್ದಿತು. ವೇಗ ಹೆಚ್ಚಿದ್ದಷ್ಟೂ ಕೆಲವು ಕುದುರೆಗಳು ನೇರವಾಗಿ ಹಾರುತ್ತವೆ ಎಂಬುದಕ್ಕೆ ಅದೊಂದು ಉದಾಹರಣೆ.

ಕೊನೆಯ ಬೇಲಿ ದಾಟಿದ ಮೇಲೆ ಕುದುರೆ ಏನು ಮಾಡುತ್ತದೆ ಎಂಬುದು ನನ್ನ ದೃಷ್ಟಿಯಲ್ಲಿ ಉಳಿದೆಲ್ಲಕ್ಕಿಂತ ದೊಡ್ಡ ಸುಳಿವು. ಚೆಲ್ಟನ್‌ಹ್ಯಾಮ್ ಮೈದಾನ ಏರುಪೇರುಗಳಿಂದ ಕೂಡಿದ್ದು, ಗೆಲುವಿನ ಗುರುತಿನವರೆಗೂ ಏರುದಾರಿಯಿದೆ. ಕೆಂಪ್ಟನ್ ಸಮತಟ್ಟು, ಅಲ್ಲಿ ವೇಗವಿದ್ದವರಿಗೆ ಹಬ್ಬ. 2011ರ ಡಿಸೆಂಬರ್‌ನಲ್ಲಿ ಕೆಂಪ್ಟನ್‌ನ ಮೂರು ಮೈಲಿ ನಾವಿಸ್ ಚೇಸ್‌ನಲ್ಲಿ ಬಾಬ್ಸ್ ವರ್ತ್ ಎಂಬ ಕುದುರೆ ಗ್ರಾಂ ಕ್ರೂಗೆ ಸೋತಿತು. ಫೆಬ್ರವರಿಯಲ್ಲಿ ಆಸ್ಕಟ್‌ನ ರೆನಲ್ಡ್ಸ್‌ಟೌನ್ ಓಟದಲ್ಲಿ ಇನ್‌ವಿಕ್ಟಸ್‌ಗೆ ಸೋತಿತು. ಬರೀ ಫಲಿತಾಂಶದ ಪಟ್ಟಿ ನೋಡಿದವರು ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟು ಗ್ರಾಂ ಕ್ರೂ ಹಿಂದೆ ಹೋದರು. ಆದರೆ ಬಾಬ್ಸ್ ವರ್ತ್ ಅದಕ್ಕೂ ಹಿಂದಿನ ವರ್ಷ ಅದೇ ಚೆಲ್ಟನ್‌ಹ್ಯಾಮ್ ಏರಿನಲ್ಲಿ ಮೂರು ಮೈಲಿಯ ನಾವಿಸ್ ಹರ್ಡಲ್ ಗೆದ್ದಿತ್ತು. ಅದರ ದೋಷ ವೇಗದ ಕೊರತೆ. ಏರುದಾರಿಯಲ್ಲಿ ಉಳಿದವರ ದಮ್ಮು ಮುಗಿದ ಮೇಲೂ ಓಡುತ್ತಲೇ ಇರಬಲ್ಲ ಕುದುರೆಗೆ ಆ ಕೊರತೆಯಿಂದ ಆಗುವ ನಷ್ಟ ಅಷ್ಟಕ್ಕಷ್ಟೆ. ಚೆಲ್ಟನ್‌ಹ್ಯಾಮ್‌ನಲ್ಲಿ 2012ರ ಮೂರು ಮೈಲಿ ನಾವಿಸ್ ಓಟವನ್ನೂ, ಪಳಗಿದ ಕುದುರೆಗಳ ಅಗ್ರ ಓಟವಾದ ಗೋಲ್ಡ್ ಕಪ್ಪನ್ನು 2013ರಲ್ಲೂ ಅದೇ ಗೆದ್ದಿತು.

ನೆಲದ ಸ್ಥಿತಿಯನ್ನು ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ಕೆಸರಿನಲ್ಲಿ ಗೆದ್ದ ಕುದುರೆ ಗಟ್ಟಿ ನೆಲದಲ್ಲಿ ತಬ್ಬಿಬ್ಬಾಗುವುದು, ಅದಲುಬದಲಾಗುವುದು ಎಲ್ಲರಿಗೂ ಗೊತ್ತಿರುವುದೇ. ಅನುಭವದ ಲೆಕ್ಕ ಮಾತ್ರ ಅಷ್ಟು ಸರಳವಲ್ಲ. ಎಷ್ಟು ಚೇಸ್ ಓಡಿದೆ ಎಂಬುದರ ಜೊತೆಗೆ, ಆ ಓಟಗಳಲ್ಲಿ ಏನು ಕಲಿತಿದೆ ಎಂಬುದನ್ನೂ ಕೇಳಬೇಕು. ಅನ್ ದೆ ಸೋ ತನ್ನ ಮೊದಲ ಚೇಸ್‌ನಲ್ಲೇ ಥರ್ಲ್ಸ್‌ನಲ್ಲಿ ಬಿದ್ದಿತ್ತು; ಅದೇ ಋತುವಿನ ಕೊನೆಗೆ, 2015ರ ಮಾರ್ಚ್‌ನಲ್ಲಿ, ಆರ್ಕಲ್ ಗೆದ್ದಿತು. ಫ್ಯಾಕ್ಟ್ ಟು ಫೈಲ್ ಹರ್ಡಲ್ ಹಂತವನ್ನೇ ಬಿಟ್ಟು ನೇರವಾಗಿ ಬೇಲಿಗಳಿಗೆ ಬಂದು 2024ರಲ್ಲಿ ಮೂರು ಮೈಲಿಯ ಓಟ ಗೆದ್ದಿತು. ಒಮ್ಮೆ ಬಿದ್ದ ಮಾತ್ರಕ್ಕೆ ಕುದುರೆಯನ್ನು ಕೈಬಿಡಬೇಕಿಲ್ಲ. ಬಿದ್ದ ಮೇಲೆ ಮುಂದಿನ ಓಟದಲ್ಲಿ ಹೆದರಿ ಹಾರಿತೋ, ಸುಧಾರಿಸಿಕೊಂಡು ಹಾರಿತೋ ಎಂದು ತಾಳೆ ನೋಡಬೇಕು.

ಚೆಲ್ಟನ್‌ಹ್ಯಾಮ್‌ನಲ್ಲಿರುವ ದಾರಿಗಳು

ಮಂಗಳವಾರ ನಡೆಯುವ ಆರ್ಕಲ್ ಓಟದ ದೂರ ಹತ್ತಿರ ಹತ್ತಿರ ಎರಡು ಮೈಲಿ, ಬೇಲಿಗಳು 13. 1964ರಿಂದ ಸತತ ಮೂರು ವರ್ಷ ಗೋಲ್ಡ್ ಕಪ್ ಗೆದ್ದ ಆರ್ಕಲ್‌ನ ಹೆಸರು ಈ ಓಟಕ್ಕೆ 1969ರಲ್ಲಿ ಬಂತು. ಎರಡು ಮೈಲಿಯ ಓಟವೆಂದರೆ ಮೊದಲ ಬೇಲಿಯಿಂದಲೇ ವೇಗ. ಉಸಿರು ತೆಗೆದುಕೊಳ್ಳಲು ಬಿಡುವಿಲ್ಲ. ಇಲ್ಲಿ ಒಂದು ಬೇಲಿಯಲ್ಲಿ ತಪ್ಪು ಹೆಜ್ಜೆಯಿಟ್ಟರೆ ಕಳೆದುಹೋದ ಲೆಂಗ್ತ್‌ಗಳನ್ನು ಮರಳಿ ಗಳಿಸುವಷ್ಟು ದೂರ ಉಳಿದಿರುವುದಿಲ್ಲ. 2025ರಲ್ಲಿ ಭಾರೀ ಫೇವರಿಟ್ ಆಗಿದ್ದ ಮೇಜ್‌ಬರೋ ಎಲ್ಲರಿಗಿಂತ ಶಕ್ತಿಶಾಲಿಯಾಗಿ ಓಡುತ್ತಿತ್ತು. ಹಾರುವಲ್ಲಿ ಮಾಡಿದ ತಪ್ಪುಗಳಿಂದ ಮೂರನೆಯ ಸ್ಥಾನಕ್ಕೆ ಇಳಿಯಿತು. ಗೆದ್ದದ್ದು ಜಾಂಗೋ ಬೇ. ಎರಡೂವರೆ ಮೈಲಿಯ ಕುದುರೆಯೆಂದೇ ಹಲವರು ತಿಳಿದಿದ್ದ ಅದು ಏರುದಾರಿಯಲ್ಲಿ ಹಿಂದಿನಿಂದ ಬಂದು ಕೊನೆಯ ಗಳಿಗೆಯಲ್ಲಿ ಎಲ್ಲರನ್ನೂ ದಾಟಿತು. ಇದರಿಂದ ಎರಡು ಮಾತು ಹೊರಡುತ್ತವೆ. ಹಾರುವಿಕೆಯಲ್ಲಿ ಅವಸರದ ದೋಷವಿರುವ ಕುದುರೆಗೆ ಆರ್ಕಲ್ ಅತ್ಯಂತ ದುಬಾರಿಯಾದ ಓಟ. ಹಾರುವಿಕೆ ಅಚ್ಚುಕಟ್ಟಾಗಿದ್ದು ವೇಗ ಮಾತ್ರ ಸ್ವಲ್ಪ ಕಡಿಮೆಯಿರುವ ಕುದುರೆಗೆ, ಮುಂದಿರುವವರು ಪರಸ್ಪರ ಪೈಪೋಟಿಯಲ್ಲಿ ದಣಿಯುವರೆಂಬ ಭರವಸೆ ಇದ್ದಲ್ಲಿ, ಅದು ತೋರುವಷ್ಟು ಅಸಾಧ್ಯವಲ್ಲ.

ಆರ್ಕಲ್ ಗೆದ್ದವರ ಮುಂದಿನ ದಾರಿ ಬಹುಮಟ್ಟಿಗೆ ನೇರ. ಮಾಸ್ಕೋ ಫ್ಲೈಯರ್, ಅಜರ್ಟಿಯೋಪ್, ಸ್ಪ್ರಿಂಟರ್ ಸಾಕ್ರ, ಆಲ್ಟಿಯರ್ ಎಲ್ಲವೂ ಆರ್ಕಲ್ ಗೆದ್ದ ಮರುವರ್ಷವೇ ಎರಡು ಮೈಲಿಯ ಚಾಂಪಿಯನ್ ಚೇಸನ್ನೂ ಗೆದ್ದವು. ಹೆಣ್ಣು ಕುದುರೆಯಾದ ಪುಟ್ ದಿ ಕೆಟಲ್ ಆನ್ ಕೂಡ 2020 ಮತ್ತು 2021ರಲ್ಲಿ ಇದೇ ಜೋಡಿ ಗೆಲುವನ್ನು ಪಡೆಯಿತು. ಹೆಣ್ಣು ಕುದುರೆಗೆ 7 ಪೌಂಡ್, ಎಂದರೆ ಮೂರು ಕಿಲೋ ದಾಟಿದ ಭಾರದ ರಿಯಾಯಿತಿ ಇರುವುದನ್ನು ಇಂಥ ಲೆಕ್ಕದಲ್ಲಿ ಮರೆಯಬಾರದು. ಜೊತೆಗೆ 2021ರಿಂದ ಹೆಣ್ಣು ಕುದುರೆಗಳಿಗೆಂದೇ ಎರಡೂವರೆ ಮೈಲಿಯ ಪ್ರತ್ಯೇಕ ಚೇಸ್ ಕೂಡ ಉತ್ಸವದಲ್ಲಿದೆ.

ಬುಧವಾರದ ಬ್ರೌನ್ ಅಡ್ವೈಸರಿ ನಾವಿಸ್ ಚೇಸ್‌ನ ದೂರ ಮೂರು ಮೈಲಿಗಿಂತ ಸ್ವಲ್ಪ ಹೆಚ್ಚು. ಹಾರಬೇಕಾದ ಬೇಲಿಗಳು ಇಪ್ಪತ್ತರಷ್ಟು. ಪ್ರಾಯೋಜಕರು ಬದಲಾದಂತೆ ಹೆಸರೂ ಬದಲಾಗಿ, ಹಳಬರು ಇದನ್ನು ಈಗಲೂ ಸನ್ ಅಲಯನ್ಸ್ ಎಂದೋ ಆರ್‌ಎಸ್‌ಎ ಎಂದೋ ಕರೆಯುತ್ತಾರೆ. 2007ರಲ್ಲಿ ಇದನ್ನು ಗೆದ್ದ ಡೆನ್‌ಮನ್ ಮರುವರ್ಷ ಕೌಟೋ ಸ್ಟಾರ್‌ನನ್ನು ಸೋಲಿಸಿ ಗೋಲ್ಡ್ ಕಪ್ ಎತ್ತಿತು. ಲಾರ್ಡ್ ವಿಂಡರ್‌ಮಿಯರ್ 2013 ಮತ್ತು 2014ರಲ್ಲಿ ಅದೇ ದಾರಿ ಹಿಡಿಯಿತು. ಈ ಓಟದ ವೇಗ ಕಡಿಮೆಯಿರುವುದರಿಂದ ಮೊದಲ ಸುತ್ತಿನಲ್ಲಿ ಒಂದು ತಪ್ಪು ಮಾಡಿದರೂ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ಆದರೆ ಕೊನೆಯ ನಾಲ್ಕೈದು ಬೇಲಿಗಳನ್ನು ದಣಿದ ಕಾಲುಗಳಿಂದ ಹಾರಬೇಕು. ಆ ಹಂತದಲ್ಲಿ ಬುದ್ಧಿ, ಸ್ವಭಾವ, ಗಮನ ಎಲ್ಲವೂ ಪರೀಕ್ಷೆಗೆ ಬರುತ್ತವೆ. ಮೈಟ್ ಬೈಟ್‌ನ ಋತುವನ್ನು ಇದಕ್ಕಾಗಿಯೇ ನೆನಪಿಟ್ಟುಕೊಳ್ಳಬೇಕು. 2016ರ ಡಿಸೆಂಬರ್‌ನಲ್ಲಿ ಕೆಂಪ್ಟನ್‌ನಲ್ಲಿ ಅದು ಬಹು ದೂರ ಮುಂದಿದ್ದು ಕೊನೆಯ ಬೇಲಿಯಲ್ಲಿ ಬಿತ್ತು. ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್‌ನ ಕೊನೆಯ ಬೇಲಿಯನ್ನೂ ಮುಂದಿದ್ದುಕೊಂಡೇ ದಾಟಿತು. ಆಮೇಲೆ ಯಾರೋ ಕರೆದಂತೆ ಬಲಕ್ಕೆ ತಿರುಗಿ ಬಹುತೇಕ ನಿಂತೇಬಿಟ್ಟಿತು. ಅದೇ ಲಾಯದ ವಿಸ್ಪರ್ ಪಕ್ಕದಲ್ಲೇ ದಾಟಿಹೋದದ್ದನ್ನು ಕಂಡ ಮೇಲೆ ಎಚ್ಚೆತ್ತು ಮತ್ತೆ ಓಡಿ ಮೂಗಿನಷ್ಟು ಅಂತರದಿಂದ ಗೆದ್ದಿತು. ಆ ಕುದುರೆಗೆ ದಮ್ಮಿನ ಕೊರತೆ ಇರಲಿಲ್ಲ. ಒಂಟಿಯಾಗಿ ಮುಂದೆ ಉಳಿದಾಗ ಗಮನ ಚದುರುವುದೇ ಅದರ ದೋಷವಾಗಿತ್ತು. ಅಂಥ ಕುದುರೆಯನ್ನು ಉದ್ದದ ಏರುದಾರಿಯಿರುವಲ್ಲಿ ಬೇಗನೆ ಮುಂದಕ್ಕೆ ಬಿಡಬಾರದು.

ಮೂರು ಮೈಲಿಯ ಓಟ ಗೆದ್ದ ಕುದುರೆಯೆಲ್ಲ ಗೋಲ್ಡ್ ಕಪ್ ಕುದುರೆಯೆಂದು ತಿಳಿಯುವುದು ಇನ್ನೊಂದು ಸಾಮಾನ್ಯ ತಪ್ಪು. ನಾವಿಸ್‌ಗಳ ನಡುವೆ ಶುದ್ಧ ದರ್ಜೆಯ ಬಲದಿಂದಲೇ ಮೂರು ಮೈಲಿ ಗೆಲ್ಲಬಹುದು. ಮೇಲೆ ಹೇಳಿದ ಫ್ಯಾಕ್ಟ್ ಟು ಫೈಲ್ ಮರುವರ್ಷ ಐರಿಷ್ ಗೋಲ್ಡ್ ಕಪ್‌ನಲ್ಲಿ ಗ್ಯಾಲೊಪಾನ್ ದೆ ಶಾಂಗೆ ಸೋತ ಮೇಲೆ ದೂರ ಕಡಿಮೆ ಮಾಡಿಕೊಂಡು, 2025ರ ಮಾರ್ಚ್‌ನಲ್ಲಿ ಎರಡೂವರೆ ಮೈಲಿ ದಾಟಿದ ರಯನ್‌ಏರ್ ಚೇಸನ್ನು ಅದ್ಭುತವಾಗಿ ಗೆದ್ದಿತು.

ಹಾಗಾದರೆ ನಡುವಿನ ದೂರದ ಕುದುರೆ ಎಲ್ಲಿಗೆ ಹೋಗಬೇಕು? 2011ರಿಂದ 2024ರವರೆಗೆ ಇದಕ್ಕೆ ಸುಲಭದ ಉತ್ತರವಿತ್ತು: ಗುರುವಾರ ಎರಡೂವರೆ ಮೈಲಿಯ ನಾವಿಸ್ ಚೇಸ್ ಇತ್ತು, ಕೊನೆಕೊನೆಗೆ ಅದರ ಹೆಸರು ಟರ್ನರ್ಸ್. ಅದು ಇದ್ದಷ್ಟು ಕಾಲ ಒಳ್ಳೆಯ ಕುದುರೆಗಳು ಮೂರು ಕಡೆ ಹಂಚಿಹೋಗಿ ಯಾವ ಓಟದಲ್ಲೂ ನಿಜವಾದ ಮುಖಾಮುಖಿ ಆಗುವುದಿಲ್ಲವೆಂಬ ದೂರಿತ್ತು. 2025ರಲ್ಲಿ ಈ ಗ್ರೇಡ್ 1 (ಅತ್ಯುನ್ನತ ದರ್ಜೆಯ) ಓಟವನ್ನು ತೆಗೆದು, ಅದೇ ದೂರಕ್ಕೆ ನಾವಿಸ್‌ಗಳ ಗ್ರೇಡ್ 2 ಸೀಮಿತ ಹ್ಯಾಂಡಿಕ್ಯಾಪ್ ತಂದರು. ನೋಡುವವರ ದೃಷ್ಟಿಯಿಂದ ಈ ಬದಲಾವಣೆ ಸರಿಯಾದದ್ದೆಂದೇ ನಾನು ಒಪ್ಪುತ್ತೇನೆ. ಕುದುರೆಯ ದೃಷ್ಟಿಯಿಂದ ಮಾತ್ರ ಕಷ್ಟ ಹೆಚ್ಚಿದೆ. ಹ್ಯಾಂಡಿಕ್ಯಾಪ್‌ನಲ್ಲಿ ಉತ್ತಮ ಕುದುರೆ ಹೆಚ್ಚು ಭಾರ ಹೊರಬೇಕು, ಎದುರಾಳಿಗಳ ಸಂಖ್ಯೆಯೂ ಹೆಚ್ಚು. ಅಗ್ರಶ್ರೇಣಿಯ ನಡುದೂರದ ಕುದುರೆ ಈಗ ಒಂದು ಕಡೆಗೆ ವಾಲಲೇಬೇಕು. ಮೊದಲ ವರ್ಷವೇ ಇದರ ಫಲ ಎರಡು ರೀತಿಯಲ್ಲಿ ಕಂಡಿತು: ಕೆಳಕ್ಕೆ ಇಳಿದು ಎರಡು ಮೈಲಿ ಓಡಿದ ಜಾಂಗೋ ಬೇ ಗೆದ್ದಿತು, ಮೇಲಕ್ಕೆ ಏರಿ ಮೂರು ಮೈಲಿ ಓಡಿದ ಬ್ಯಾಲಿಬರ್ನ್ ಫೇವರಿಟ್ ಆಗಿದ್ದೂ ಸೋತು, ಅದೇ ಲಾಯದ ಲೆಕಿ ವಾಟ್ಸನ್ ಎಂಬ ಯಾರೂ ಲೆಕ್ಕಕ್ಕಿಡದ ಕುದುರೆ ಗೆದ್ದಿತು. ಬ್ಯಾಲಿಬರ್ನ್ ಡಿಸೆಂಬರ್‌ನಲ್ಲಿ ಕೆಂಪ್ಟನ್‌ನ ಎರಡು ಮೈಲಿಯಲ್ಲಿ ಸರ್ ಜೀನೋಗೆ ಸೋತಿತ್ತು, ಫೆಬ್ರವರಿಯಲ್ಲಿ ಲೆಪರ್ಡ್ಸ್‌ಟೌನ್‌ನಲ್ಲಿ ಎರಡು ಮೈಲಿ ಐದು ಫರ್ಲಾಂಗ್‌ನಲ್ಲಿ ಗೆದ್ದಿತ್ತು. ಎರಡು ಮೈಲಿಯಲ್ಲಿ ಸೋತದ್ದರಿಂದ ಮೂರು ಮೈಲಿಗೆ ಸರಿಹೋಗುತ್ತದೆ ಎಂದು ಊಹಿಸುವುದು ಎಷ್ಟು ಸುಲಭವೋ ಅಷ್ಟೇ ಅಪಾಯದ್ದು. ವೇಗ ಸಾಲದ ಕುದುರೆಗೆ ದಮ್ಮು ಇದ್ದೇ ತೀರಬೇಕೆಂಬ ನಿಯಮವೇನೂ ಇಲ್ಲ.

ಉಳಿದಿರುವುದು ನ್ಯಾಷನಲ್ ಹಂಟ್ ಚೇಸ್. 1860ರಲ್ಲಿ ಆರಂಭವಾದ ಇದು ಬಹು ಕಾಲ ಹವ್ಯಾಸಿ ಸವಾರರ ನಾಲ್ಕು ಮೈಲಿ ಓಟವಾಗಿತ್ತು. 2019ರಲ್ಲಿ ಓಡಿದ 18 ಕುದುರೆಗಳಲ್ಲಿ ನಾಲ್ಕು ಮಾತ್ರ ಗುರಿ ಮುಟ್ಟಿ ದೊಡ್ಡ ವಿವಾದವಾದ ಮೇಲೆ ದೂರವನ್ನು ಮೂರು ಮುಕ್ಕಾಲು ಮೈಲಿಯ ಆಸುಪಾಸಿಗೆ ಇಳಿಸಿದರು. 2025ರಿಂದ ಇದು 145ರವರೆಗಿನ ರೇಟಿಂಗ್‌ನ (ಕುದುರೆಯ ಸಾಮರ್ಥ್ಯಕ್ಕೆ ಅಧಿಕಾರಿಗಳು ಕೊಡುವ ಅಂಕ) ನಾವಿಸ್‌ಗಳ ಹ್ಯಾಂಡಿಕ್ಯಾಪ್ ಆಗಿದ್ದು, ವೃತ್ತಿಪರ ಜಾಕಿಗಳೂ ಸವಾರಿ ಮಾಡಬಹುದು. ಗ್ರೇಡ್ 1 ಕುದುರೆಗೆ ಇಲ್ಲಿ ಜಾಗವಿಲ್ಲ. ಆದರೆ ನಿಧಾನಗತಿಯ, ಕ್ಷೇಮವಾಗಿ ಹಾರುವ, ಗ್ರೇಡ್ 1 ಓಟದಲ್ಲಿ ಐದನೆಯದೋ ಆರನೆಯದೋ ಆಗಿ ಬರಬಹುದಾದ ಕುದುರೆಗೆ ಇದಕ್ಕಿಂತ ಒಳ್ಳೆಯ ಜಾಗ ಉತ್ಸವದಲ್ಲಿ ಇನ್ನೊಂದಿಲ್ಲ. ಹಳೆಯ ರೂಪದಲ್ಲಿ ಇದನ್ನು 2017ರಲ್ಲಿ ಗೆದ್ದ ಟೈಗರ್ ರೋಲ್ ಮುಂದೆ 2018 ಮತ್ತು 2019ರ ಗ್ರ್ಯಾಂಡ್ ನ್ಯಾಷನಲ್‌ಗಳನ್ನು ಗೆದ್ದದ್ದು ಎಲ್ಲರಿಗೂ ಗೊತ್ತು.

ಮಾರ್ಚ್ ದಾಟಿದ ಮೇಲೆ

ಚೆಲ್ಟನ್‌ಹ್ಯಾಮ್‌ನ ಗದ್ದಲದಲ್ಲಿ ಏಪ್ರಿಲ್ ತಿಂಗಳನ್ನು ಸೋತವರ ಸಮಾಧಾನವೆಂಬಂತೆ ನೋಡುವ ರೂಢಿ ಬೆಳೆದಿದೆ. ಲಿವರ್‌ಪೂಲ್ ಬಳಿಯ ಏಂಟ್ರೀಯಲ್ಲಿ ಮೂರು ದಿನಗಳಲ್ಲಿ ಮೂರು ಗ್ರೇಡ್ 1 ನಾವಿಸ್ ಚೇಸ್‌ಗಳಿವೆ: ಎರಡೂವರೆ ಮೈಲಿಯ ಮ್ಯಾನಿಫೆಸ್ಟೊ, ಮೂರು ಮೈಲಿ ದಾಟಿದ ಮಿಲ್ಡ್‌ಮೇ, ಎರಡು ಮೈಲಿಯ ಮಘಲ್. ಟರ್ನರ್ಸ್ ಹೋದ ಮೇಲೆ ನಡುದೂರದ ಕುದುರೆಗೆ ಮ್ಯಾನಿಫೆಸ್ಟೊ ಮಹತ್ವ ಹೆಚ್ಚಿದೆ. ಇವು ನಡೆಯುವುದು ಗ್ರ್ಯಾಂಡ್ ನ್ಯಾಷನಲ್‌ನ ದೊಡ್ಡ ಬೇಲಿಗಳ ಮೇಲಲ್ಲ, ಒಳಗಿನ ಮಿಲ್ಡ್‌ಮೇ ಮೈದಾನದಲ್ಲಿ. ಅದೂ ಎಡಗೈ ತಿರುವಿನದೇ, ಆದರೆ ಸಮತಟ್ಟು, ತಿರುವುಗಳು ಬಿಗಿ, ಕೊನೆಯಲ್ಲಿ ಏರಿಲ್ಲ. ಚೆಲ್ಟನ್‌ಹ್ಯಾಮ್‌ನ ಏರಿನಲ್ಲಿ ಕುಸಿಯುವ, ಉಳಿದೆಲ್ಲ ಗುಣಗಳಿರುವ ಕುದುರೆಗೆ ಇದು ಹೇಳಿ ಮಾಡಿಸಿದಂತಿದೆ.

ಕಾದವರಿಗೆ ಸಿಕ್ಕ ಫಲಕ್ಕೆ ಬ್ಯಾನ್‌ಬ್ರಿಜ್ ಸಾಕ್ಷಿ. 2023ರ ಮಾರ್ಚ್‌ನಲ್ಲಿ ನೆಲ ಮೆತ್ತಗಾಯಿತೆಂದು ಅದನ್ನು ಟರ್ನರ್ಸ್‌ನಿಂದ ಹಿಂತೆಗೆದುಕೊಂಡರು. ಏಪ್ರಿಲ್‌ನಲ್ಲಿ ಮ್ಯಾನಿಫೆಸ್ಟೊ ಗೆದ್ದಿತು. 2024ರ ಡಿಸೆಂಬರ್‌ನಲ್ಲಿ ಕೆಂಪ್ಟನ್‌ನ ಕಿಂಗ್ ಜಾರ್ಜ್ ಚೇಸ್ ಕೂಡ ಅದರದೇ ಆಯಿತು. ಎರಡೂ ಕಡೆ ಓಡಿ ಗೆದ್ದ ಕುದುರೆಗಳೂ ಇವೆ: ಸ್ಪ್ರಿಂಟರ್ ಸಾಕ್ರ ಮತ್ತು ಶಿಶ್ಕಿನ್ ಆರ್ಕಲ್ ಆದ ಮೇಲೆ ಮಘಲ್ ಗೆದ್ದವು, ಮೈಟ್ ಬೈಟ್ ಮಿಲ್ಡ್‌ಮೇ ಗೆದ್ದಿತು. ಚೆಲ್ಟನ್‌ಹ್ಯಾಮ್‌ನಲ್ಲಿ ಕೂದಲೆಳೆಯಲ್ಲಿ ಸೋತ ಜೆರಿ ಕೊಲಂಬ್ 2023ರಲ್ಲಿ ಏಂಟ್ರೀಯ ಮಿಲ್ಡ್‌ಮೇ ಗೆದ್ದು ಆ ನಷ್ಟ ತುಂಬಿಕೊಂಡಿತು. ಆದರೆ ನಡುವಿನ ಅಂತರ ಮೂರು ನಾಲ್ಕು ವಾರಗಳಷ್ಟೆ. ಏರುದಾರಿಯಲ್ಲಿ ಪ್ರಾಣ ಕೊಟ್ಟು ಓಡಿದ ಕುದುರೆ ಅಷ್ಟರಲ್ಲಿ ಚೇತರಿಸಿಕೊಂಡಿದೆಯೇ ಎಂಬುದು ಅದರ ಮೇವಿನ ಬುಟ್ಟಿ ನೋಡಿದವರಿಗಷ್ಟೇ ಗೊತ್ತಾಗುತ್ತದೆ. ಹೊರಗಿನಿಂದ ಲೆಕ್ಕ ಹಾಕುವ ನಮ್ಮಂಥವರು ಇಲ್ಲಿ ವಿನಯದಿಂದಿರುವುದೇ ಕ್ಷೇಮ.

ಐರ್ಲೆಂಡಿನ ಕುದುರೆಗೆ ಮನೆಯ ಹತ್ತಿರವೇ ಇನ್ನೆರಡು ದಾರಿಗಳಿವೆ, ಎರಡೂ ಬಲಗೈ ತಿರುವಿನವು ಎಂಬುದು ಗಮನಾರ್ಹ. ಈಸ್ಟರ್ ಭಾನುವಾರ ಫೇರಿಹೌಸ್‌ನಲ್ಲಿ ಎರಡೂವರೆ ಮೈಲಿಯ ಗ್ರೇಡ್ 1 ನಾವಿಸ್ ಚೇಸ್ ಇದೆ. ಏಪ್ರಿಲ್ ಕೊನೆಯಲ್ಲಿ ಆರಂಭವಾಗುವ ಪಂಚೆಸ್‌ಟೌನ್ ಉತ್ಸವದಲ್ಲಿ ಎರಡು ಮೈಲಿಗೊಂದು, ಮೂರು ಮೈಲಿಗೊಂದು ಗ್ರೇಡ್ 1 ಓಟವಿದೆ. ಈಸ್ಟರ್ ತಾರೀಖು ಸ್ಥಿರವಲ್ಲದ್ದರಿಂದ ಫೇರಿಹೌಸ್ ಲೆಕ್ಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಬಂದು, ಚೆಲ್ಟನ್‌ಹ್ಯಾಮ್ ಮುಗಿದು ಹದಿನಾರೇ ದಿನವಾಗಿತ್ತು. 2025ರಲ್ಲಿ ಏಪ್ರಿಲ್ 20ಕ್ಕೆ ಬಂದು ಐದು ವಾರಕ್ಕೂ ಹೆಚ್ಚು ಬಿಡುವು ಸಿಕ್ಕಿತು. ಕ್ಯಾಲೆಂಡರ್ ನೋಡದೆ ಎರಡೂ ಕಡೆ ಓಡಿಸುತ್ತೇವೆಂದು ಜನವರಿಯಲ್ಲೇ ಹೇಳಿಬಿಡುವ ಮಾಲೀಕರಿಗೆ ಇದೊಂದು ಎಚ್ಚರಿಕೆ.

ದಮ್ಮು ಅಪಾರವಾಗಿದ್ದು ರೇಟಿಂಗ್ ಇನ್ನೂ ಏರದ ನಾವಿಸ್‌ಗೆ ಈಸ್ಟರ್ ಸೋಮವಾರದ ಐರಿಷ್ ಗ್ರ್ಯಾಂಡ್ ನ್ಯಾಷನಲ್ ನಿಜವಾದ ಗುರಿಯಾಗಬಲ್ಲದು. ಮೂರು ಮೈಲಿ ಐದು ಫರ್ಲಾಂಗ್‌ನ ಈ ಹ್ಯಾಂಡಿಕ್ಯಾಪನ್ನು 2023ರಲ್ಲಿ ನಾವಿಸ್ ಆಗಿದ್ದಾಗಲೇ ಗೆದ್ದ ಐ ಆಮ್ ಮ್ಯಾಕ್ಸಿಮಸ್ ಮರುವರ್ಷ ಏಂಟ್ರೀಯ ಗ್ರ್ಯಾಂಡ್ ನ್ಯಾಷನಲ್ ಗೆದ್ದಿತು. 2025ರಲ್ಲಿ ವೇಲ್ಸ್‌ನ ಲಾಯದ ಹೈಟಿ ಕುಲರ್ ಮಾರ್ಚ್ 11ರಂದು ನ್ಯಾಷನಲ್ ಹಂಟ್ ಚೇಸನ್ನೂ, 41 ದಿನಗಳ ನಂತರ ಫೇರಿಹೌಸ್‌ನಲ್ಲಿ ಐರಿಷ್ ನ್ಯಾಷನಲ್ಲನ್ನೂ ಗೆದ್ದು, ಈ ಎರಡು ಓಟಗಳನ್ನು ಒಂದೇ ಯೋಜನೆಯ ಎರಡು ಹೆಜ್ಜೆಗಳೆಂದು ನೋಡಬಹುದೆಂದು ತೋರಿಸಿಕೊಟ್ಟಿತು. ಏಂಟ್ರೀಯ ಗ್ರ್ಯಾಂಡ್ ನ್ಯಾಷನಲ್‌ಗೇ ನಾವಿಸ್‌ನನ್ನು ಒಯ್ಯುವುದು ಇದಕ್ಕಿಂತ ಸಾಹಸದ ಮಾತು. 2022ರಲ್ಲಿ ಏಳು ವರ್ಷದ ನೋಬಲ್ ಯೇಟ್ಸ್ ಗೆದ್ದಾಗ ಆ ವಯಸ್ಸಿನ ಕುದುರೆ ಅದನ್ನು ಗೆದ್ದು 82 ವರ್ಷಗಳಾಗಿದ್ದವು. ಅದನ್ನು ಮಾದರಿಯಾಗಿ ಇಟ್ಟುಕೊಳ್ಳುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ತಕ್ಕಡಿಗೆ ಹಾಕಿದಾಗ

ಈಗ ಮೊದಲ ಪ್ರಶ್ನೆಗೆ ಮರಳಬಹುದು. ಕುದುರೆಯ ಮುಖ್ಯ ದೋಷ ಅವಸರದ ಹಾರುವಿಕೆಯಾಗಿದ್ದರೆ ಆರ್ಕಲ್‌ಗಿಂತ ಬ್ರೌನ್ ಅಡ್ವೈಸರಿ ಮೇಲು, ಆದರೆ ಅದು ಮೊದಲ ಸುತ್ತಿನಲ್ಲಿ ಜಾಕಿಯ ಮಾತು ಕೇಳಿ ನಿಧಾನಿಸುವಂತಿದ್ದರೆ ಮಾತ್ರ. ಲಗಾಮು ಕಿತ್ತುಕೊಂಡು ಓಡುವ ಕುದುರೆಯನ್ನು ಮೂರು ಮೈಲಿಗೆ ಒಯ್ದರೆ ಅವಸರದ ಜೊತೆ ದಣಿವೂ ಸೇರಿ ಎರಡರ ಕೆಟ್ಟದ್ದೂ ಒಟ್ಟಿಗೆ ಬರುತ್ತದೆ. ದೋಷ ವೇಗದ ಕೊರತೆಯಾಗಿದ್ದರೆ ಚೆಲ್ಟನ್‌ಹ್ಯಾಮ್‌ನ ಏರು ಅದರ ಮಿತ್ರ. ಸಮತಟ್ಟಾದ ಏಂಟ್ರೀಯಲ್ಲಿ ಅದು ಮತ್ತೆ ಸೋಲಬಹುದು. ದೋಷ ದಮ್ಮಿನ ಕೊರತೆಯಾಗಿದ್ದರೆ ಲೆಕ್ಕ ಪೂರ್ತಿ ತಿರುವುಮುರುವು: ಮಾರ್ಚ್ ಬಿಟ್ಟು ಮ್ಯಾನಿಫೆಸ್ಟೊಗೆ ತಾಜಾ ಕುದುರೆಯನ್ನು ಒಯ್ಯುವುದರಲ್ಲಿ ನಾಚಿಕೆಯೇನೂ ಇಲ್ಲ. ಬಲಕ್ಕೆ ಜರುಗುವುದೊಂದೇ ದೋಷವಾಗಿದ್ದರೆ ಫೇರಿಹೌಸ್, ಪಂಚೆಸ್‌ಟೌನ್‌ಗಳು ಇರುವಾಗ ಮಾರ್ಚ್‌ನಲ್ಲೇ ಪಣ ಒಡ್ಡುವುದು ಎಷ್ಟು ಅಗತ್ಯ ಎಂದು ಕೇಳಿಕೊಳ್ಳಬೇಕು. ಬೇಲಿಗಳೆಂದರೆ ನಿಜವಾಗಿ ಭಯಪಡುವ ಕುದುರೆಗೆ ಹರ್ಡಲ್‌ಗೆ ಮರಳುವ ದಾರಿ ಸದಾ ತೆರೆದಿರುತ್ತದೆ.

ದೊಡ್ಡ ಲಾಯಗಳಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ವಿಲ್ಲಿ ಮಲಿನ್ಸ್ ಅವರಂಥ ತರಬೇತುದಾರರ ಬಳಿ ಒಂದೇ ವರ್ಷ ಐದಾರು ಅಗ್ರ ನಾವಿಸ್‌ಗಳಿರುತ್ತವೆ. ಬೇರೆ ಬೇರೆ ಮಾಲೀಕರನ್ನು ಸಮಾಧಾನಪಡಿಸಲು ಅವುಗಳನ್ನು ಹಂಚಬೇಕಾಗುತ್ತದೆ. ಅಂಥಲ್ಲಿ ಕುದುರೆ ಯಾವ ಓಟಕ್ಕೆ ಹೋಯಿತು ಎಂಬುದು ಅದರ ಗುಣವನ್ನೇ ಸೂಚಿಸುತ್ತದೆ ಎಂದು ಹೊರಗಿನವರು ಭಾವಿಸಬಾರದು. ತೀರ್ಮಾನ ಹೊರಬೀಳುವ ಮುನ್ನವೇ ಹಣ ಕಟ್ಟುವವರಿಗೆ ಇದು ಇನ್ನೂ ಮುಖ್ಯ: ಕುದುರೆ ಆ ಓಟದಲ್ಲಿ ಇಳಿಯದಿದ್ದರೂ ಸಾಮಾನ್ಯವಾಗಿ ಆ ಹಣ ಮರಳುವುದಿಲ್ಲ.

ಕೊನೆಯದಾಗಿ 2022ರ ಗ್ಯಾಲೊಪಾನ್ ದೆ ಶಾಂನ ಪ್ರಸಂಗ. ಡಿಸೆಂಬರ್‌ನಲ್ಲಿ ಲೆಪರ್ಡ್ಸ್‌ಟೌನ್‌ನ ಮೊದಲ ಚೇಸನ್ನೂ, ಫೆಬ್ರವರಿಯಲ್ಲಿ ಅಲ್ಲಿಯೇ ಎರಡು ಮೈಲಿ ಐದು ಫರ್ಲಾಂಗ್‌ನ ಗ್ರೇಡ್ 1 ಓಟವನ್ನೂ ಅದು ಎದುರಾಳಿಗಳನ್ನು ಬಹಳ ಹಿಂದೆ ಬಿಟ್ಟು ಗೆದ್ದಿತ್ತು. ಮುಂದೆ ಟರ್ನರ್ಸ್ ಅಥವಾ ಬ್ರೌನ್ ಅಡ್ವೈಸರಿ. ಮಲಿನ್ಸ್ ಟರ್ನರ್ಸ್ ಆರಿಸಿದರು. ಮಾರ್ಚ್ 17ರಂದು ಪಾಲ್ ಟೌನೆಂಡ್ ಸವಾರಿಯಲ್ಲಿ ಬಾಬ್ ಒಲಿಂಗರ್‌ನನ್ನು ಎಷ್ಟೋ ಹಿಂದೆ ಬಿಟ್ಟು ಕೊನೆಯ ಬೇಲಿಗೆ ಬಂದ ಕುದುರೆ, ಹಾರಿ ಇಳಿಯುವಾಗ ಮುಗ್ಗರಿಸಿ ಬಿತ್ತು; ಓಟ ಬಾಬ್ ಒಲಿಂಗರ್ ಪಾಲಾಯಿತು. (ಆ ಬಾಬ್ ಒಲಿಂಗರ್ ಮುಂದೆ ಹರ್ಡಲ್‌ಗೆ ಮರಳಿ 2025ರ ಸ್ಟೇಯರ್ಸ್ ಹರ್ಡಲ್ ಗೆದ್ದಿತು.) ಬಿದ್ದದ್ದರಿಂದ ಆಯ್ಕೆ ತಪ್ಪಾಯಿತೆಂದು ಆ ಸಂಜೆ ಹೇಳಿದವರು ಫಲಿತಾಂಶವನ್ನೂ ತೀರ್ಮಾನವನ್ನೂ ಒಂದೇ ಎಂದು ತಿಳಿದರು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 17ರ ಈಸ್ಟರ್ ಭಾನುವಾರ, ಫೇರಿಹೌಸ್‌ನಲ್ಲಿ ಅದೇ ದೂರಕ್ಕೆ ಅದು ಏಕಪಕ್ಷೀಯವಾಗಿ ಗೆದ್ದಿತು. ನಡುದೂರದಲ್ಲೇ ಇಟ್ಟದ್ದರಿಂದ ಅದಕ್ಕೆ ದಮ್ಮಿದೆಯೋ ಇಲ್ಲವೋ ಎಂಬ ಅನುಮಾನ ಮುಂದಿನ ವರ್ಷದವರೆಗೂ ಉಳಿದಿತ್ತು; ಮೂರೂಕಾಲು ಮೈಲಿಯ ಗೋಲ್ಡ್ ಕಪ್ಪನ್ನು 2023ರಲ್ಲೂ 2024ರಲ್ಲೂ ಗೆದ್ದು ಅದನ್ನು ತೀರಿಸಿತು.

ಟರ್ನರ್ಸ್ ಇಲ್ಲದ ಇಂದಿನ ದಿನಗಳಲ್ಲಿ ಅಂಥ ಕುದುರೆಯೊಂದು ಮತ್ತೆ ಬಂದರೆ ನಾನು ಅದನ್ನು ಆರ್ಕಲ್‌ಗೆ ಒಯ್ಯಲಾರೆ. ಮೂರು ಮೈಲಿಯ ಬ್ರೌನ್ ಅಡ್ವೈಸರಿಗೆ ಹೆಸರು ಕೊಟ್ಟಿಟ್ಟು, ಉತ್ಸವದ ಹಿಂದಿನ ವಾರ ಮಳೆ ಸುರಿದು ನೆಲ ಭಾರವಾದರೆ ಹಿಂತೆಗೆದುಕೊಂಡು, ನೇರವಾಗಿ ಫೇರಿಹೌಸ್‌ಗೆ ಕರೆದೊಯ್ಯುತ್ತೇನೆ.